ಭಾಷೆ ಕಲಿತದ್ದಕ್ಕೆ ಡಿಜಿಟಲ್ ಬ್ಯಾಡ್ಜ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮುಂಬೈ, ಪುಣೆ, ಗೋವಾದ ಕಾಲೇಜುಗಳಲ್ಲಿ ಜರ್ಮನ್, ಜಪಾನಿ, ಪೋರ್ಚುಗೀಸ್ ಕಲಿಯುವ ನಮ್ಮ ಮಕ್ಕಳಿಗೆ ಕಾಗದದ ಸರ್ಟಿಫಿಕೇಟಿನ ಜೊತೆಗೆ ಡಿಜಿಟಲ್ ಬ್ಯಾಡ್ಜ್ ಬರತೊಡಗಿದೆ. ಕೆಲವೆಡೆ ಕಾಗದದ ಬದಲಿಗೇ ಬರುತ್ತಿದೆ. ಕನ್ನಡ ಕಲಿಸುವವರೂ ಇದನ್ನು ಬಳಸಬಹುದೇ ಎಂದು ವಿಚಾರಿಸುತ್ತಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಲೇಜಿನಲ್ಲಿ ಜರ್ಮನ್ ಎ2 (ಆರು ಮಟ್ಟಗಳಲ್ಲಿ ಎರಡನೆಯದು) ಮುಗಿಸಿದೆ. ಇಮೇಲ್‌ನಲ್ಲಿ ಗುಂಡಗಿನ ಒಂದು ಚಿತ್ರ ಬಂದಿದೆ, ಅದು ಬ್ಯಾಡ್ಜ್ ಅಂತೆ. ಇದಕ್ಕೂ ಪಿಡಿಎಫ್ ಸರ್ಟಿಫಿಕೇಟಿಗೂ ಏನು ವ್ಯತ್ಯಾಸ? ಕೆಲಸಕ್ಕೆ ಅರ್ಜಿ ಹಾಕುವಾಗ ನಡೆಯುತ್ತದೆಯೇ?
ಬಿ.ಕಾಂ. ವಿದ್ಯಾರ್ಥಿನಿ, ಕೋಥ್ರೂಡ್, ಪುಣೆ

ಉತ್ತರ: ಚಿತ್ರ ಬರೀ ಲಕೋಟೆ, ಪತ್ರ ಅದರೊಳಗಿದೆ. ಪಿಎನ್‌ಜಿ ಅಥವಾ ಎಸ್‌ವಿಜಿ ಚಿತ್ರದ ಫೈಲಿನಲ್ಲೇ ಕಣ್ಣಿಗೆ ಕಾಣದಂತೆ ಮಾಹಿತಿ ಸೇರಿಸಿರುತ್ತಾರೆ. ಬ್ಯಾಡ್ಜಿನ ಹೆಸರು, ಕೊಟ್ಟ ಸಂಸ್ಥೆ, ಯಾರಿಗೆ ಕೊಟ್ಟದ್ದು, ಯಾವ ದಿನ, ಏನು ಮಾಡಿ ತೋರಿಸಿದ್ದಕ್ಕೆ, ಪುರಾವೆ ಎಲ್ಲಿದೆ, ಅವಧಿ ಇದ್ದರೆ ಎಂದಿಗೆ ಮುಗಿಯುತ್ತದೆ, ಇಷ್ಟೂ ಅಲ್ಲಿರುತ್ತದೆ. ಈ ಮಾಹಿತಿಯನ್ನು ಹೇಗೆ ಬರೆಯಬೇಕೆಂಬ ನಿಯಮಾವಳಿಗೆ ಓಪನ್ ಬ್ಯಾಡ್ಜಸ್ ಎಂದು ಹೆಸರು. ಮೊಜಿಲ್ಲಾ ಸಂಸ್ಥೆ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ನೆರವಿನಿಂದ 2011ರಲ್ಲಿ ಇದನ್ನು ಶುರುಮಾಡಿತು. 2017ರಿಂದ ಐಎಂಎಸ್ ಗ್ಲೋಬಲ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಅದರ ಈಗಿನ ಹೆಸರು ಒನ್‌ಎಡ್‌ಟೆಕ್. ಪಿಡಿಎಫ್ ಅನ್ನು ನೋಡಿದವರು ನಂಬಬೇಕು, ಇಲ್ಲವೇ ಕಾಲೇಜಿಗೆ ಫೋನು ಮಾಡಿ ಕೇಳಬೇಕು. ಬ್ಯಾಡ್ಜನ್ನಾದರೆ ಯಾರು ಬೇಕಾದರೂ ಕಾಲೇಜನ್ನು ಕೇಳದೆಯೇ ಪರಿಶೀಲಿಸಬಹುದು.

ಎಲ್ಲ ಗುಂಡು ಚಿತ್ರವೂ ಬ್ಯಾಡ್ಜ್ ಅಲ್ಲ ಎಂಬುದೂ ನೆನಪಿರಲಿ. ನಿಮ್ಮ ಇಮೇಲ್‌ನಲ್ಲಿರುವ ಲಿಂಕ್ ತೆರೆಯಿರಿ. ಕಾಲೇಜಿನ ಹೆಸರು, ಕೊಟ್ಟ ದಿನಾಂಕ, ಮಾನದಂಡದ ವಿವರ ಮೂರೂ ಕಾಣಬೇಕು. ಮಾನದಂಡದ ಜಾಗದಲ್ಲಿ 'ಕೋರ್ಸ್ ಪೂರೈಸಿದ್ದಾರೆ' ಎಂದಷ್ಟೇ ಇದ್ದರೆ ಅದು ಹಾಜರಾತಿಯ ಗುರುತು, ಭಾಷೆಯದಲ್ಲ. 'ಪರಿಚಿತ ವಿಷಯದ ಬಗ್ಗೆ ಸರಳ ವಾಕ್ಯಗಳಲ್ಲಿ ಮಾತಾಡಬಲ್ಲರು; ಮೌಖಿಕ ಪರೀಕ್ಷೆ 10 ನಿಮಿಷ' ಎಂಬಂತೆ ಇದ್ದರೆ ಸಂದರ್ಶಕರಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಿತು.

ಕೆಲಸದ ಮಾತು. ರೆಸ್ಯುಮೆಯಲ್ಲಿ, ಲಿಂಕ್ಡ್‌ಇನ್‌ನ ಸರ್ಟಿಫಿಕೇಶನ್ ವಿಭಾಗದಲ್ಲಿ ಧಾರಾಳವಾಗಿ ಹಾಕಿ. ಪುಣೆಯ ಕಂಪನಿಯೊಂದು ಭಾಷಾಂತರದ ಕೆಲಸಕ್ಕೆ ಬಿ2 ಕೇಳಿದರೆ ಮಾತ್ರ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಜರ್ಮನ್ ಕಲಿಸುವ ಗೊಯ್ಥೆ ಸಂಸ್ಥೆಯಂಥ ಹೊರಗಿನವರ ಪರೀಕ್ಷೆ. ಕಾಲೇಜಿನ ಬ್ಯಾಡ್ಜ್ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ವೀಸಾಕ್ಕಂತೂ ಆಗುವುದೇ ಇಲ್ಲ. ಜರ್ಮನಿಯಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಕೇಳುವ ಎ1 ಕೂಡ ಗೊಯ್ಥೆ, ಟೆಲ್ಕ್ ಮುಂತಾದ ಮಾನ್ಯ ಸಂಸ್ಥೆಗಳದ್ದೇ ಆಗಿರಬೇಕು.

ಪ್ರಶ್ನೆ: ಮಗ ತನ್ನ ಬ್ಯಾಡ್ಜನ್ನು ಕಂಪನಿಯವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ. 'ಇದರಲ್ಲಿ ಏನೂ ಇಲ್ಲ, ಬರೀ ಫೋಟೋ' ಎಂದು ಉತ್ತರ ಬಂತು. ಕಾಲೇಜಿನವರು ಮೋಸ ಮಾಡಿದರೇ?
ಗೃಹಿಣಿ, ವಾಸ್ಕೊ, ಗೋವಾ

ಉತ್ತರ: ಕಾಲೇಜಿನವರ ತಪ್ಪಿರಲಾರದು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದ ಚಿತ್ರವನ್ನು ಅದು ಕುಗ್ಗಿಸಿ ಜೆಪೆಗ್ ಆಗಿ ಮತ್ತೆ ಬರೆಯುತ್ತದೆ. ಪಿಎನ್‌ಜಿ ಬ್ಯಾಡ್ಜಿನಲ್ಲಿ ಮಾಹಿತಿ ಇರುವುದು ಚಿತ್ರದ ಚುಕ್ಕೆಗಳಲ್ಲಲ್ಲ, ಫೈಲಿನೊಳಗಿನ ಪ್ರತ್ಯೇಕ ಪಠ್ಯದ ತುಣುಕಿನಲ್ಲಿ. ಕುಗ್ಗಿಸುವಾಗ ಆ ತುಣುಕು ಉದುರಿಹೋಗುತ್ತದೆ. ಚಿತ್ರ ಹಾಗೇ ಕಾಣುತ್ತದೆ, ಒಳಗೆ ಮಾತ್ರ ಖಾಲಿ. ಸ್ಕ್ರೀನ್‌ಶಾಟ್ ತೆಗೆದರೂ ಇದೇ ಗತಿ. ಅಂಚು ಕತ್ತರಿಸಲು ಫೋಟೋ ಎಡಿಟರಿನಲ್ಲಿ ತೆರೆದು ಸೇವ್ ಮಾಡಿದರೂ ಹಲವು ಸಲ ಹೀಗೇ ಆಗುತ್ತದೆ.

ಮಗನಿಗೆ ಹೇಳಿ: ಮೊದಲು ಲಿಂಕ್ ಕಳಿಸಲಿ, ಅದೇ ಎಲ್ಲಕ್ಕಿಂತ ಭದ್ರ. ಫೈಲೇ ಬೇಕೆಂದರೆ ಮೂಲ ಇಮೇಲ್‌ನಿಂದ ಅಥವಾ ಕಾಲೇಜಿನ ಪೋರ್ಟಲ್‌ನಿಂದ ಮತ್ತೆ ಡೌನ್‌ಲೋಡ್ ಮಾಡಿ, ವಾಟ್ಸಾಪ್‌ನಲ್ಲಿ ಗ್ಯಾಲರಿ ಒತ್ತದೆ ಡಾಕ್ಯುಮೆಂಟ್ ಆಯ್ದು ಕಳಿಸಲಿ. ಇಮೇಲ್‌ಗೆ ಲಗತ್ತಿಸಿದರೂ ಫೈಲು ಹಾಳಾಗುವುದಿಲ್ಲ. ಕಳಿಸುವ ಮುಂಚೆ ಒನ್‌ಎಡ್‌ಟೆಕ್‌ನ ಸಾರ್ವಜನಿಕ ವ್ಯಾಲಿಡೇಟರ್ (ಬ್ಯಾಡ್ಜ್ ಪರಿಶೀಲಿಸುವ) ಪುಟಕ್ಕೆ ಹಾಕಿ ನೋಡಿದರೆ ಒಳಗಿನದು ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಪ್ರಶ್ನೆ: ಕಾಲೇಜು ಮುಗಿದ ಮೇಲೆ ಕಾಲೇಜಿನ ಇಮೇಲ್ ನಿಂತುಹೋಯಿತು. ಬ್ಯಾಡ್ಜನ್ನು ಬ್ಯಾಕ್‌ಪ್ಯಾಕ್‌ಗೆ (ಬ್ಯಾಡ್ಜುಗಳನ್ನು ಕೂಡಿಡುವ ಆನ್‌ಲೈನ್ ಖಾತೆ) ಹಾಕಲು ಹೋದರೆ 'ಇದು ನಿಮ್ಮದಲ್ಲ' ಎನ್ನುತ್ತದೆ.
ನೌಕರ, ಠಾಣೆ

ಉತ್ತರ: ಬ್ಯಾಡ್ಜಿನಲ್ಲಿ 'ಯಾರಿಗೆ' ಎಂಬ ಜಾಗದಲ್ಲಿ ಸಾಮಾನ್ಯವಾಗಿ ನಿಮ್ಮ ಹೆಸರಿರುವುದಿಲ್ಲ, ಇಮೇಲ್ ವಿಳಾಸವಿರುತ್ತದೆ. ಅದನ್ನೂ ನೇರವಾಗಿ ಬರೆಯದೆ ಗೂಢಲಿಪಿಯ ಮುದ್ರೆಯಾಗಿ ಇಟ್ಟಿರುತ್ತಾರೆ. ಬ್ಯಾಕ್‌ಪ್ಯಾಕ್ ನಿಮ್ಮ ಖಾತೆಯ ಇಮೇಲ್‌ನಿಂದ ಅದೇ ಮುದ್ರೆ ಬರುತ್ತದೆಯೇ ಎಂದು ನೋಡುತ್ತದೆ, ಬಾರದಿದ್ದರೆ ತಳ್ಳಿಬಿಡುತ್ತದೆ. ಹಳೆಯ ವಿಳಾಸ ಸತ್ತಿದ್ದರೆ ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. ಕಾಲೇಜಿನ ವಿಭಾಗಕ್ಕೆ ಬರೆದು ಸ್ವಂತ ಇಮೇಲ್‌ಗೆ ಮತ್ತೆ ಕೊಡಿಸಿಕೊಳ್ಳಬೇಕು. ಈಗ ಅಂತಿಮ ವರ್ಷದಲ್ಲಿರುವವರು ವಿಳಾಸ ಜೀವಂತವಿರುವಾಗಲೇ ಬ್ಯಾಕ್‌ಪ್ಯಾಕ್ ಖಾತೆಗೆ ಕಾಲೇಜಿನದನ್ನೂ ಸ್ವಂತದ್ದನ್ನೂ ಸೇರಿಸಿ, ಎರಡಕ್ಕೂ ಬರುವ ದೃಢೀಕರಣದ ಲಿಂಕ್ ಒತ್ತಿ ಮುಗಿಸಿಬಿಡಿ.

ಪ್ರಶ್ನೆ: ನಮ್ಮ ಕನ್ನಡ ತರಗತಿಗೆ ಎರಡು ಬಗೆಯ ವಿದ್ಯಾರ್ಥಿಗಳು ಬರುತ್ತಾರೆ. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದು, ಅಕ್ಷರ ಮಾತ್ರ ಬಾರದವರು ಒಂದು ಬಗೆ. ಕನ್ನಡದ ಗಂಧವೇ ಇಲ್ಲದ ಮರಾಠಿ ಮಕ್ಕಳು ಇನ್ನೊಂದು. ಕಾಲೇಜಿನವರು ಬ್ಯಾಡ್ಜ್ ಕೊಡೋಣ ಎನ್ನುತ್ತಾರೆ. ಮಟ್ಟ ನಿಗದಿ ಮಾಡುವುದು ಹೇಗೆ?
ಕನ್ನಡ ಶಿಕ್ಷಕಿ, ಡೊಂಬಿವಲಿ

ಉತ್ತರ: ಬ್ಯಾಡ್ಜ್ ನಿಜವಾಗಿ ಉಪಯೋಗಕ್ಕೆ ಬರುವುದು ನಿಮ್ಮಂಥ ತರಗತಿಯಲ್ಲೇ. 'ಕನ್ನಡ ಎ2' ಎಂದು ಒಂದೇ ಬ್ಯಾಡ್ಜ್ ಮಾಡಬೇಡಿ. ಮನೆಮಾತು ಕನ್ನಡವಾದ ಹುಡುಗ ಊರಿನ ಜಾತ್ರೆಯ ಬಗ್ಗೆ ಅರ್ಧ ಗಂಟೆ ಹರಟಬಲ್ಲ, ಹುಬ್ಬಳ್ಳಿಯ ಬಸ್ಸಿನ ಬೋರ್ಡು ಓದಲಾರ. ಮರಾಠಿ ಹುಡುಗಿ ಆರು ವಾರದಲ್ಲಿ ಅಕ್ಷರ ಕಲಿತು ಬೋರ್ಡು ಓದುತ್ತಾಳೆ, ಅಂಗಡಿಯಲ್ಲಿ ಬಾಯಿ ಬಿಡಲಾರಳು. ಇಬ್ಬರ ಅಂಕಗಳನ್ನೂ ಸರಾಸರಿ ಮಾಡಿ ಒಂದೇ ಮಟ್ಟ ಹೇಳಿದರೆ ಇಬ್ಬರ ಬಗ್ಗೆಯೂ ಸುಳ್ಳು ಹೇಳಿದಂತೆ. ಕೇಳುವುದು, ಮಾತು, ಓದು, ಬರವಣಿಗೆ ನಾಲ್ಕಕ್ಕೂ ಬೇರೆ ಬೇರೆ ಬ್ಯಾಡ್ಜ್ ಇರಲಿ. ಗೊಯ್ಥೆಯ ಬಿ1 ಪರೀಕ್ಷೆಯಲ್ಲೂ ನಾಲ್ಕು ಭಾಗಗಳನ್ನು ಬಿಡಿಬಿಡಿಯಾಗಿ ಬರೆಯಬಹುದು, ಪ್ರತಿಯೊಂದಕ್ಕೂ 100ಕ್ಕೆ 60 ಬೇಕು. ಫ್ರೆಂಚಿನ ಡೆಲ್ಫ್ ಪರೀಕ್ಷೆ ಒಟ್ಟು 100ಕ್ಕೆ 50 ಕೇಳಿದರೂ 25ರ ಪ್ರತಿ ಭಾಗದಲ್ಲೂ ಕನಿಷ್ಠ 5 ಇರಬೇಕೆನ್ನುತ್ತದೆ.

ಮಟ್ಟಕ್ಕೆ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಹೊರತಂದ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲನ್ನೇ ಬಳಸಿ. ಭಾಷಾ ಪರೀಕ್ಷೆಗಳನ್ನು ಬಲ್ಲವರಿಗೆಲ್ಲ ಅದು ಗೊತ್ತು. ಆದರೆ ಅದು 'ಏನು ಮಾಡಬಲ್ಲರು' ಎಂದಷ್ಟೇ ಹೇಳುತ್ತದೆ, ಕನ್ನಡದ ಲಿಪಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಆ ಭಾಗ ನೀವೇ ಬರೆಯಬೇಕು. ಮರಾಠಿ ಓದಿದವರಿಗೆ ವರ್ಣಮಾಲೆಯ ಕ್ರಮ ಹೊಸದಲ್ಲ, ಳಕಾರವೂ ಹೊಸದಲ್ಲ. ಎಡವುವುದು ಮೂರು ಕಡೆ. ಎ-ಏ, ಒ-ಓ ಭೇದ ಮರಾಠಿ ಬರಹದಲ್ಲಿಲ್ಲ, ಹಾಗಾಗಿ 'ಕೆರೆ', 'ಕೇರೆ' ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಒತ್ತಕ್ಷರ ಕೆಳಗೆ ಬರುವುದು ಅವರಿಗೆ ಎರಡನೆಯ ತೊಡಕು. ಮೂರನೆಯದು ಅರ್ಕಾವತ್ತು: ಉಚ್ಚಾರದಲ್ಲಿ ಮೊದಲು ಬರುವ ರಕಾರವನ್ನು ಬರಹದಲ್ಲಿ ಆಮೇಲೆ ಇಡುವುದು. ಓದು ಎ1 ಬ್ಯಾಡ್ಜಿನ ಪ್ರಶ್ನೆಪತ್ರಿಕೆಯಲ್ಲಿ ಈ ಮೂರೂ ಇರಲೇಬೇಕು. ಪ, ಷ, ಮ, ವ ಬೆರಸುವವರೂ ಇರುತ್ತಾರೆ, ಅದು ಅಭ್ಯಾಸದಿಂದ ತಾನೇ ಹೋಗುತ್ತದೆ.

ಮಾನದಂಡವನ್ನು ಬರೆಯುವ ರೀತಿಗೆ ಒಂದು ಮಾದರಿ: 'ಕನ್ನಡ ಓದು, ಎ2. ಒತ್ತಕ್ಷರ ಸಹಿತ 120ರಿಂದ 150 ಪದಗಳ ಎರಡು ಪಠ್ಯ, ಒಂದು ಸೂಚನೆ, ಒಂದು ಪತ್ರ. ನಿಘಂಟು ಇಲ್ಲ. ಸಮಯ 30 ನಿಮಿಷ. 10 ಪ್ರಶ್ನೆಗಳಲ್ಲಿ ಕನಿಷ್ಠ 7ಕ್ಕೆ ಸರಿಯುತ್ತರ.' ಇಷ್ಟು ಬರೆದರೆ ಬೆಂಗಳೂರಿನಲ್ಲಿ ಕೂತವರಿಗೂ ಅರ್ಥವಾಗುತ್ತದೆ. 'ಕನ್ನಡದಲ್ಲಿ ಪ್ರಾವೀಣ್ಯ' ಎಂದು ಬರೆದರೆ ಯಾರಿಗೂ ಆಗುವುದಿಲ್ಲ.

ಮಾತಿನ ಪರೀಕ್ಷೆಗೆ ತಲಾ 8ರಿಂದ 10 ನಿಮಿಷ ಇಡಿ. ಎರಡು ನಿಮಿಷ ಪರಿಚಯ, ಮೂರು ನಿಮಿಷ ಸಂದರ್ಭವೊಂದರ ಅಭಿನಯ (ಬಾಡಿಗೆ ಮನೆ ಕೇಳುವುದು, ಔಷಧಿ ಅಂಗಡಿ), ಉಳಿದದ್ದು ಮುಕ್ತ ಮಾತುಕತೆ. ಅರ್ಥವಾಗುವಿಕೆ, ಪದಸಂಪತ್ತು, ವ್ಯಾಕರಣ, ಎದುರಿನವರಿಗೆ ಪ್ರತಿಕ್ರಿಯೆ ನಾಲ್ಕಕ್ಕೂ ತಲಾ 5 ಅಂಕ. 20ಕ್ಕೆ 12 ಬಂದರೆ ತೇರ್ಗಡೆ, ಯಾವುದರಲ್ಲೂ 2ಕ್ಕಿಂತ ಕಡಿಮೆ ಇರಬಾರದು. ಪರೀಕ್ಷಕರು ಇಬ್ಬರಿರಲಿ, ಪರಸ್ಪರ ಮಾತಾಡದೆ ಅಂಕ ಹಾಕಲಿ. 3ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಧ್ವನಿಮುದ್ರಿಕೆ ಕೇಳಿ ತೀರ್ಮಾನಿಸಲಿ. ವ್ಯಾಕರಣದ ಅಂಕದಲ್ಲಿ ಕ್ರಿಯಾಪದದ ಕೊನೆ ಗಮನಿಸಿ: ಬಂದನು, ಬಂದಳು, ಬಂದರು ಸರಿಯಾಗಿ ಬರುತ್ತವೆಯೇ, ಹಿರಿಯರ ಜೊತೆ ಬಹುವಚನ ಬಳಸುತ್ತಾರೆಯೇ. 'ಬರ್ತೇವ್ರಿ' ಎಂದದ್ದಕ್ಕೋ, ಮಂಗಳೂರಿನ ಮನೆಯವರ 'ಬರ್ತೇನೆ ಮಾರಾಯ್ರೆ' ಎಂಬ ಧಾಟಿಗೋ ಅಂಕ ಕಳೆಯಬೇಡಿ. ಮುಂಬೈ ಕನ್ನಡಿಗರಲ್ಲಿ ಬಹಳ ಜನ ಯಾವುದಾದರೊಂದು ಸೀಮೆಯ ಮಾತಿನಲ್ಲೇ ಕನ್ನಡ ಉಳಿಸಿಕೊಂಡವರು. ಪುಸ್ತಕದ ಕನ್ನಡವನ್ನು ಅಳೆಯಲು ಬರವಣಿಗೆಯ ಬ್ಯಾಡ್ಜ್ ಇದ್ದೇ ಇದೆ.

ಇನ್ನೊಂದು ಸೂಚನೆ. 2020ರಲ್ಲಿ ಈ ಮಟ್ಟಗಳ ಪೂರಕ ಸಂಪುಟ ಬಂದಾಗ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಕೌಶಲವನ್ನೂ ವಿವರವಾಗಿ ಸೇರಿಸಿದರು. ಹೌಸಿಂಗ್ ಸೊಸೈಟಿಯ ಮರಾಠಿ ನೋಟಿಸನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸುವುದು, ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಊರಿಂದ ಬಂದ ಮಾವನಿಗೆ ವಿವರಿಸುವುದು ನಮ್ಮ ಮಕ್ಕಳಿಗೆ ದಿನನಿತ್ಯದ ಕೆಲಸ. ಅದಕ್ಕೊಂದು ಬ್ಯಾಡ್ಜ್ ಮಾಡಿ. ಪರೀಕ್ಷೆಯೂ ಸುಲಭ: ಮರಾಠಿಯ 100 ಪದಗಳ ನೋಟಿಸು ಕೊಡಿ, ಮುಖ್ಯವಾದ ಐದು ಅಂಶಗಳನ್ನು ಕನ್ನಡದಲ್ಲಿ ಹೇಳಿಸಿ, ನಾಲ್ಕಾದರೂ ತಪ್ಪಿಲ್ಲದೆ ಬರಲಿ. ಪದಕ್ಕೆ ಪದ ಅನುವಾದ ಬೇಡ.

ಧ್ವನಿಮುದ್ರಿಕೆಯನ್ನು ಪುರಾವೆಯಾಗಿ ಲಗತ್ತಿಸುವ ಮೊದಲು ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಪಡೆಯಿರಿ, 18 ತುಂಬದವರಾದರೆ ತಂದೆ ಅಥವಾ ತಾಯಿಯದು. ಬ್ಯಾಡ್ಜಿನ ಪುರಾವೆಯ ಲಿಂಕನ್ನು ಯಾರು ಬೇಕಾದರೂ ತೆರೆಯಬಹುದು. ಒಪ್ಪದಿದ್ದರೆ ಅಂಕಪಟ್ಟಿಯ ಸಾರಾಂಶ ಸಾಕು.

ಪ್ರಶ್ನೆ: ಬ್ಯಾಡ್ಜಿನ ವಿವರಣೆಯನ್ನು ಕನ್ನಡದಲ್ಲೇ ಹಾಕಿದೆವು. ಪುಟದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದಿದೆ. ಚಿತ್ರದ ಮೇಲಿನ ಕನ್ನಡವೂ ಡಬ್ಬಿ ಡಬ್ಬಿಯಾಗಿ ಕಾಣುತ್ತಿದೆ.
ಸಂಘದ ಕಾರ್ಯದರ್ಶಿ, ಪಿಂಪ್ರಿ

ಉತ್ತರ: ಎರಡಕ್ಕೂ ಕಾರಣ ಬೇರೆ. ವಿವರಣೆಯನ್ನು ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ, ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದೀರಿ. ಅಲ್ಲಿ ಕನ್ನಡವಾಗಿ ಕಂಡದ್ದು ಫಾಂಟಿನ ವೇಷ, ಒಳಗಿರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಯೂನಿಕೋಡ್‌ಗೆ ಪರಿವರ್ತಿಸಿ, ಮೊಬೈಲಿನ ನೋಟ್ಸ್‌ನಲ್ಲಿ ಅಂಟಿಸಿ ಸರಿಯಾಗಿ ಕಂಡಮೇಲೆ ಬ್ಯಾಡ್ಜಿಗೆ ಹಾಕಿ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಓದಿ, ಕೆಡುವುದು ಅಲ್ಲೇ.

ಡಬ್ಬಿಗಳ ವಿಷಯ: ಎಸ್‌ವಿಜಿ ಚಿತ್ರದಲ್ಲಿ ಅಕ್ಷರಗಳನ್ನು ಅಕ್ಷರವಾಗಿಯೇ ಬಿಟ್ಟಿದ್ದೀರಿ, ನೋಡುವವರ ಯಂತ್ರದಲ್ಲಿ ಆ ಫಾಂಟಿಲ್ಲ. ಸೇವ್ ಮಾಡುವ ಮುಂಚೆ ಪಠ್ಯವನ್ನು ರೇಖೆಗಳಾಗಿ ಬದಲಿಸಿ, ಇಲ್ಲವೇ 600 × 600 ಪಿಕ್ಸೆಲಿನ ಪಿಎನ್‌ಜಿ ಮಾಡಿ. ಚಿತ್ರದ ಮೇಲೆ ಎರಡು ಮೂರು ಪದಕ್ಕಿಂತ ಹೆಚ್ಚು ಬೇಡ. ಫೋನಿನಲ್ಲಿ ಅದು ಹೆಬ್ಬೆರಳ ಉಗುರಿನಷ್ಟೇ ಕಾಣುವುದು, ಉದ್ದದ ಸಂಸ್ಥೆಯ ಹೆಸರು ಅಲ್ಲಿ ಗೀರಾಗಿ ಉಳಿಯುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಮೂಡಲ್‌ನಲ್ಲಿ (ಆನ್‌ಲೈನ್ ಕಲಿಕೆಯ ತಾಣ) ಕೊಂಕಣಿ ಮತ್ತು ಪೋರ್ಚುಗೀಸ್ ಕೋರ್ಸುಗಳಿಗೆ ಬ್ಯಾಡ್ಜ್ ತಯಾರಿಸಿದೆ. ಒಂದರಲ್ಲಿ ಪರೀಕ್ಷೆ ಪಾಸಾದವರಿಗೂ ಬರುತ್ತಿಲ್ಲ, ಇನ್ನೊಂದರಲ್ಲಿ ಫೇಲಾದವರಿಗೂ ಬಂದುಬಿಟ್ಟಿದೆ!
ಕಂಪ್ಯೂಟರ್ ವಿಭಾಗದ ಸಹಾಯಕ, ಮಡಗಾಂವ್

ಉತ್ತರ: ಮೊದಲನೆಯದಕ್ಕೆ ಬಹುಪಾಲು ಕಾರಣ ಒಂದೇ ಗುಂಡಿ. ಮೂಡಲ್‌ನಲ್ಲಿ ಹೆಸರು, ಚಿತ್ರ, ಮಾನದಂಡ ಎಲ್ಲ ತುಂಬಿ ಸೇವ್ ಮಾಡಿದರೂ 'ಎನೇಬಲ್ ಆಕ್ಸೆಸ್' ಒತ್ತುವ ತನಕ ಬ್ಯಾಡ್ಜ್ ನಿದ್ದೆಯಲ್ಲೇ ಇರುತ್ತದೆ. ಒತ್ತಿದಾಗ, ಆಗಲೇ ಅರ್ಹರಾದವರಿಗೂ ಕೊಡುತ್ತದೆ, ಹಾಗಾಗಿ ತಡವಾಯಿತೆಂದು ಚಿಂತೆ ಬೇಡ. ಅದು ಒತ್ತಿಯೇ ಇದ್ದರೆ ಮುಂದೆ ನೋಡಬೇಕಾದದ್ದು ಕೋರ್ಸಿನ ಸೆಟ್ಟಿಂಗ್‌ನಲ್ಲಿ ಕಂಪ್ಲೀಶನ್ ಟ್ರ್ಯಾಕಿಂಗ್ ತೆರೆದಿದೆಯೇ, ಆ ಕ್ವಿಜ್‌ಗೆ ಪೂರ್ಣಗೊಳ್ಳುವ ಷರತ್ತು ಹಾಕಿದೆಯೇ ಎಂಬುದು. ಮಾನದಂಡದಲ್ಲಿ 'ಎಲ್ಲವೂ' ಮತ್ತು 'ಯಾವುದಾದರೊಂದು' ಎಂಬ ಆಯ್ಕೆಯಿದೆ. 'ಎಲ್ಲವೂ' ಇಟ್ಟು, ರದ್ದಾದ ಒಂದು ಅಸೈನ್‌ಮೆಂಟ್ ಪಟ್ಟಿಯಲ್ಲಿ ಉಳಿದಿದ್ದರೆ ಯಾರಿಗೂ ಬರುವುದಿಲ್ಲ. ಇವೆಲ್ಲ ಸರಿಯಿದ್ದರೆ ಸರ್ವರಿನ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ನಡೆಯುತ್ತಿದೆಯೇ ವಿಚಾರಿಸಿ. ಅದು ನಿಂತರೆ ಬ್ಯಾಡ್ಜಷ್ಟೇ ಅಲ್ಲ, ಇಮೇಲ್ ಸೂಚನೆಗಳೂ ನಿಲ್ಲುತ್ತವೆ, ಅದೇ ಸುಳಿವು.

ಎರಡನೆಯದು ಹೆಚ್ಚು ಅಪಾಯದ್ದು. ಕ್ವಿಜ್‌ನ ಷರತ್ತು 'ಅಂಕ ಬರಬೇಕು' ಎಂದಷ್ಟೇ ಇದ್ದು, ಪಾಸಾಗಲು ಬೇಕಾದ ಅಂಕ ತುಂಬದೆ ಬಿಟ್ಟಿದ್ದರೆ 10ಕ್ಕೆ 1 ತೆಗೆದವರೂ ಪೂರೈಸಿದವರೇ. ಕ್ವಿಜ್‌ನ ಗ್ರೇಡ್ ಭಾಗದಲ್ಲಿ ಪಾಸಿನ ಅಂಕ ತುಂಬಿ, ಷರತ್ತನ್ನು 'ಪಾಸಿನ ಅಂಕ ಬರಬೇಕು' ಎಂದು ಬದಲಿಸಿ. ಆದರೆ ಒಮ್ಮೆ ಯಾರಿಗಾದರೂ ಬಂದ ಮೇಲೆ ಆ ಬ್ಯಾಡ್ಜಿನ ಮಾನದಂಡಕ್ಕೆ ಬೀಗ ಬೀಳುತ್ತದೆ. ಮಾನದಂಡವನ್ನೇ ತಿದ್ದಬೇಕಾದರೆ ಹಳೆಯದನ್ನು ನಿಲ್ಲಿಸಿ, ಹೊಸ ಬ್ಯಾಡ್ಜ್ ಮಾಡಿ, ಹೆಸರಿಗೆ ವರ್ಷವನ್ನೋ ಆವೃತ್ತಿಯನ್ನೋ ಸೇರಿಸಿ. ತಪ್ಪಾಗಿ ಹೋದದ್ದನ್ನು ಸುಮ್ಮನೆ ಬಿಡಬೇಡಿ. ವಿದ್ಯಾರ್ಥಿಗೆ ಮೊದಲು ಹೇಳಿ, ಆಮೇಲೆ ಹಿಂಪಡೆಯಿರಿ.

ಮಾತು, ಬರವಣಿಗೆಗಳಿಗೆ ಸ್ವಯಂಚಾಲಿತ ಬ್ಯಾಡ್ಜೇ ಬೇಡ. ಮಾನದಂಡವಾಗಿ 'ಶಿಕ್ಷಕರು ಕೈಯಾರೆ ಕೊಡುವುದು' ಆಯ್ದುಕೊಳ್ಳಿ, ಪರೀಕ್ಷಕರಿಬ್ಬರ ಅಂಕ ಬಂದ ಮೇಲೆ ಕೊಡಿ.

ಬ್ಯಾಡ್ಜ್ ಕೊಡುವ ಮುಂಚೆ ಎರಡು ಸಂಗತಿ ಖಚಿತವಾಗಿರಲಿ. ಮೂಡಲ್ ಕಾಲೇಜಿನ ಒಳಜಾಲದಲ್ಲಷ್ಟೇ ತೆರೆಯುವಂತಿದ್ದರೆ ಹೊರಗಿನ ಯಾವ ಬ್ಯಾಕ್‌ಪ್ಯಾಕಿಗೂ ಪರಿಶೀಲನೆ ಆಗದು. ಸಾರ್ವಜನಿಕ ವಿಳಾಸ ಬೇಕು, ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ ಅವಧಿ ಮುಗಿದಿರಬಾರದು. ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಇಮೇಲ್‌ನ ಮುದ್ರೆಗೆ ಸೇರಿಸುವ 'ಸಾಲ್ಟ್' ಎಂಬ ಪದವಿದೆ. ಒಂದೇ ಒಂದು ಬ್ಯಾಡ್ಜ್ ಕೊಟ್ಟರೂ ಆಮೇಲೆ ಅದನ್ನು ಮುಟ್ಟಬಾರದು. ಸರ್ವರ್ ಬದಲಿಸುವಾಗ ಹೊಸಬರು ಅದನ್ನು ತಿದ್ದಿಬಿಟ್ಟರೆ ಹಳೆಯ ವಿದ್ಯಾರ್ಥಿಗಳ ಬ್ಯಾಡ್ಜುಗಳು ಅವರದೇ ಇಮೇಲ್‌ಗೆ ಹೊಂದದೆ ಹೋಗಬಹುದು.

ಪ್ರಶ್ನೆ: ಬ್ಯಾಡ್ಜ್ ಬಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಕ್ರೆಡಿಟ್ ತಾನಾಗಿ ಜಮಾ ಆಗುತ್ತದೆಯೇ?
ಬಿ.ಎ. ವಿದ್ಯಾರ್ಥಿ, ಸಾಂತಾಕ್ರೂಜ್, ಮುಂಬೈ

ಉತ್ತರ: ಇಲ್ಲ. ಯುಜಿಸಿ 2021ರಲ್ಲಿ ತಂದ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡುವ ಆ ವ್ಯವಸ್ಥೆಗೆ ಕ್ರೆಡಿಟ್ ತುಂಬುವುದು ನೋಂದಾಯಿತ ವಿದ್ಯಾಸಂಸ್ಥೆಯ ಕೆಲಸ. ನಿಮ್ಮ ಬ್ಯಾಕ್‌ಪ್ಯಾಕಿಗೂ ಅದಕ್ಕೂ ಕೊಂಡಿಯಿಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಲೆಕ್ಕದಲ್ಲಿ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, ಅದೂ ಮೌಲ್ಯಮಾಪನವಾಗಿದ್ದರೆ. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. 60 ಗಂಟೆಯ ಭಾಷಾ ಕೋರ್ಸ್ ವಿಶ್ವವಿದ್ಯಾಲಯದ ಪಠ್ಯಕ್ರಮದೊಳಗೇ ಇದ್ದರೆ 2 ಕ್ರೆಡಿಟ್ ಸಿಗಬಹುದು. ಹೊರಗಿನದಾದರೆ ಬ್ಯಾಡ್ಜಿನಲ್ಲಿ ಗಂಟೆಯನ್ನೂ ಪರೀಕ್ಷೆಯ ಸ್ವರೂಪವನ್ನೂ ಬರೆಸಿಕೊಂಡು, ಸೇರುವ ಮುಂಚೆಯೇ ವಿಭಾಗದಲ್ಲಿ ಕೇಳಿ. ಮುಗಿದ ಮೇಲೆ ಕೇಳಿದರೆ ಬಹುತೇಕ 'ಇಲ್ಲ' ಎನ್ನುತ್ತಾರೆ.

ಪ್ರಶ್ನೆ: ಗೆಳೆಯನ ಬ್ಯಾಡ್ಜನ್ನು ಯಾರಾದರೂ ನಕಲು ಮಾಡಿ ತಮ್ಮದೆಂದು ತೋರಿಸಿದರೆ? ಕಾಲೇಜು ವೆಬ್‌ಸೈಟೇ ಬದಲಿಸಿದರೆ?
ಎಚ್.ಆರ್. ಉದ್ಯೋಗಿ, ಹಿಂಜೇವಾಡಿ, ಪುಣೆ

ಉತ್ತರ: ಚಿತ್ರವನ್ನು ನಕಲು ಮಾಡಬಹುದು, ಇಮೇಲ್ ಹೊಂದಿಸಲಾಗದು. ವ್ಯಾಲಿಡೇಟರಿಗೆ ಬ್ಯಾಡ್ಜಿನ ಜೊತೆ ಅಭ್ಯರ್ಥಿ ಅರ್ಜಿಯಲ್ಲಿ ಕೊಟ್ಟ ಇಮೇಲನ್ನೂ ಹಾಕಿ. ಹೊಂದದಿದ್ದರೆ ಕಳ್ಳನೆಂದು ತಕ್ಷಣ ತೀರ್ಮಾನಿಸಬೇಡಿ, ಕಾಲೇಜಿನ ಹಳೆಯ ವಿಳಾಸವಿರಬಹುದು, ಕೇಳಿ ನೋಡಿ. ಲಿಂಕಿನ ಡೊಮೇನ್ ಆ ಕಾಲೇಜಿನದೋ, ಹೆಸರಾಂತ ಬ್ಯಾಡ್ಜ್ ಸೇವೆಯದೋ ಎಂಬುದನ್ನೂ ಗಮನಿಸಿ. ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಬ್ಯಾಡ್ಜ್ ತಯಾರಿಸಬಹುದು.

ವೆಬ್‌ಸೈಟ್ ಬದಲಾದರೆ ತೊಂದರೆ ಇದೆ. ಓಪನ್ ಬ್ಯಾಡ್ಜಸ್ ನಿಯಮಾವಳಿಯ 2.0 ಆವೃತ್ತಿಯ ಬ್ಯಾಡ್ಜುಗಳು ಸಾಮಾನ್ಯವಾಗಿ ಕೊಟ್ಟವರ ಸರ್ವರಿನ ಪುಟವನ್ನೇ ನೆಚ್ಚಿಕೊಂಡಿವೆ. ಆ ಪುಟ ಹೋದರೆ ಪರಿಶೀಲನೆಯೂ ಹೋಯಿತು. 2024ರಲ್ಲಿ ಅಂತಿಮಗೊಂಡ 3.0 ಆವೃತ್ತಿಯಲ್ಲಿ ಬ್ಯಾಡ್ಜಿನೊಳಗೇ ಡಿಜಿಟಲ್ ಸಹಿ ಇರುತ್ತದೆ, ಅದರ ಪುಟ ಇಲ್ಲವಾದರೂ ಕೊಟ್ಟವರ ಸಾರ್ವಜನಿಕ ಕೀಲಿ (ಸಹಿಯನ್ನು ತಾಳೆ ನೋಡಲು ಬಹಿರಂಗವಾಗಿಡುವ ಸಂಕೇತ) ಸಿಕ್ಕರೆ ಪರೀಕ್ಷಿಸಬಹುದು. ನಿಮ್ಮ ಕಚೇರಿಯಲ್ಲಿ ಬ್ಯಾಡ್ಜ್ ಪರಿಶೀಲಿಸಿದ ದಿನವೇ ಆ ಪುಟವನ್ನು ಪಿಡಿಎಫ್ ಆಗಿ ಅಭ್ಯರ್ಥಿಯ ಕಡತಕ್ಕೆ ಸೇರಿಸಿ, ಕೆಳಗೆ ದಿನಾಂಕ ಮತ್ತು ಪರಿಶೀಲಿಸಿದವರ ಸಹಿ ಹಾಕಿ.